ಹಾಸನದ್ದು ಮಿಕ್ಕಿತ್ತು

ಸರ್ವೆ ಮರದ ಗಳ ನೂರಾ ಹತ್ತು,
ನಾರಿನ ಹಗ್ಗ ಎರಡು ಮೂಟೆ,
ಹಲಗೆ ಇಪ್ಪತ್ತಾರು, ಅದರಲ್ಲೊಂದು ಬಿರುಕು.
ನನ್ನ ಸಂಸಾರ ಇಷ್ಟೇ ಕಣೋ ಅಂದರೆ
ಲಾರಿ ನಜೀರ ಕೇಳುತ್ತಾನೆ:
ಬಿರುಕಿಗೆ ಏನು ಹೆಸರಿಟ್ಟಿದ್ದೀಯಣ್ಣ?

ಮೊದಲು ಹಾಸನ, ಬಿ.ಎಂ. ರಸ್ತೆ.
ಮೂರಂತಸ್ತಿಗೆ ಸಾರವೆ, ಕೆಳಗೆ ಚಪ್ಪಲಿ ಅಂಗಡಿ.
ಕಾಗದ ಬಂತು, ಕಾಗದದ ಹಿಂದೆ
ಟೇಪು ಹಿಡಿದು ಜವರಪ್ಪ ಸಾಹೇಬರು ಬಂದರು.
ಫುಟ್‌ಪಾತಿನಲ್ಲಿ ನಾಲ್ಕಡಿ ಬಿಡು.
ನಡೆಯುವವರ ತಲೆಯ ಮೇಲೆ ತಗಡು ಹಾಸು.
ಬಲೆ ಹಸಿರಿರಲಿ, ರಾತ್ರಿಯ ದೀಪ ಕೆಂಪಿರಲಿ,
ಬುಡಕ್ಕೆ ಸುಣ್ಣ ಬಳಿ, ಕಣ್ಣು ಮಂಜಾದವರೂ ಇದ್ದಾರೆ ಊರಲ್ಲಿ.
ಟೇಪು ತೋರಿಸಿದ್ದು ಮೂರಡಿ ಹತ್ತಿಂಚು.
ಎರಡಿಂಚಿಗಾಗಿ
ಹದಿನಾಲ್ಕು ಕಂಬ ಕಿತ್ತು ನೆಟ್ಟೆವು,
ಗಂಟಿಗೊಂದು ಬೈಗುಳ ಸೇರಿಸಿ ಬಿಗಿದೆವು.

ಬೆಳಗಾಗುವಷ್ಟರಲ್ಲಿ ಆ ನಾಲ್ಕಡಿಯಲ್ಲಿ
ಸೀಬೆಹಣ್ಣಿನ ಗಾಡಿ, ಕೀ ಮಾಡಿಕೊಡುವವನು, ಎರಡು ಬೈಕು.
ಜನ ರಸ್ತೆಗಿಳಿದು ಬಸ್ಸಿಗೆ ಮೈ ಒರೆಸಿಕೊಂಡು ನಡೆದರು.
ಸಾಹೇಬರೂ ಒಂದು ಕೆಜಿ ಸೀಬೆ ತಗೊಂಡು
ಹಾಗೇ ಇಳಿದು ಹೋದರು.

ಕೆಲಸ ಮುಗಿಯಿತು, ಬಿಚ್ಚಿದೆವು, ಹೇರಿದೆವು.
ಹಗರೆಯಲ್ಲಿ ಹಗ್ಗ ಸಡಿಲ ಅಂತ ನಿಂತೆವು,
ಬೇಲೂರಲ್ಲಿ ಟೀ.
ಯಗಚಿ ದಾಟಿದ ಮೇಲೆ ಎಲ್ಲೋ ಜಿಲ್ಲೆಯ ಗಡಿ.
ಗಳದ ತುದಿ ಚಿಕ್ಕಮಗಳೂರಿಗೆ ಸೇರಿದಾಗ
ಬುಡ ಇನ್ನೂ ಹಾಸನದಲ್ಲೇ ಇತ್ತು.
ಆ ಒಂದು ಗಳಿಗೆ ಅದಕ್ಕೆ ಯಾವ ಊರಿನ ಕಾನೂನೋ,
ಮರವಂತೂ ಕೇಳಲಿಲ್ಲ.

ಇಲ್ಲಿಯ ಫುಟ್‌ಪಾತೇ ಎರಡೂವರೆ ಅಡಿ,
ಅದರಲ್ಲೊಂದು ಲೈಟು ಕಂಬ,
ಕಾಲಿಟ್ಟರೆ ಗಡಗಡ ಅನ್ನುವ ಚರಂಡಿ ಚಪ್ಪಡಿ.
ಕಚೇರಿಯ ಪದ್ಮರಾಜಯ್ಯನವರ ಕಾಗದದಲ್ಲಿ ಒಂದೇ ಸಾಲು:
ಸಾರ್ವಜನಿಕರಿಗೆ ತೊಂದರೆಯಾಗದಂತೆ.
ಎಷ್ಟಡಿ ಬಿಡಬೇಕು ಸಾರ್?
ತೊಂದರೆ ಆಗಬಾರದು, ಅಷ್ಟೇ ಕಣಯ್ಯ, ಅಂದು ಸೀಲು ಒತ್ತಿದರು.
ನನಗೆ ಹಬ್ಬ.
ತಗಡು ಇಳಿಸಲಿಲ್ಲ, ಬಲೆಯ ಸುರುಳಿ ಬಿಚ್ಚಲಿಲ್ಲ.
ನಜೀರನ ಹಳೇ ಕೆಂಪು ಟವೆಲ್ಲು ಹರಿದು
ಎರಡು ಕಡೆ ಕಟ್ಟಿದೆ, ಎಚ್ಚರಿಕೆ ಮುಗಿಯಿತು.

ಮೂರನೇ ದಿನ, ನಾಲ್ಕೂವರೆ.
ನಾನು ಎರಡನೇ ಹಲಗೆಯ ಮೇಲೆ.
ಬೆವರಿದ ಕೈಯಿಂದ ಸುತ್ತಿಗೆ ಜಾರಿತು.
ಬಾಯಿ ತೆರೆಯಿತು, ಸದ್ದು ಬರಲಿಲ್ಲ.
ಕೆಳಗೆ ಎರಡು ಜಡೆ, ನೀಲಿ ರಿಬ್ಬನ್,
ನೀರಿನ ಬಾಟಲಿ ಗರಗರ ತಿರುಗಿಸುತ್ತ ಬರುತ್ತಿದ್ದಳು.
ಚಪ್ಪಡಿಗೆ ಬಡಿದು ಸುತ್ತಿಗೆ ಒಮ್ಮೆ ನೆಗೆಯಿತು.
ಅವಳಿಗೂ ಅದಕ್ಕೂ ನಡುವೆ ಎಷ್ಟು?
ಟೇಪಿನವರು ಯಾರೂ ಇರಲಿಲ್ಲ.
ನನ್ನ ಕಣ್ಣು ಅಳೆದದ್ದು
ಎರಡಿಂಚು.

ಅವಳು ಬಗ್ಗಿ, ಎರಡೂ ಕೈಯಲ್ಲಿ ಎತ್ತಿ,
ಗೋಡೆಗೆ ಒರಗಿಸಿ,
ಅಂಕಲ್, ನಿಮ್ಮದು ಬಿತ್ತು, ಅಂದಳು.

ಹಿಡಿದ ಗಳ ಬಿಡಲು ನನ್ನ ಕೈಗೆ
ಬಹಳ ಹೊತ್ತು ಬೇಕಾಯಿತು.

ಆ ರಾತ್ರಿ ಮಲಗಿದ್ದ ನಜೀರನನ್ನು ಎಬ್ಬಿಸಿ
ತಗಡು ಇಳಿಸಿದೆ.
ಬಲೆ ಬಿಚ್ಚಿದೆ, ಅದರಲ್ಲಿ ಹಾಸನದ ಒಣಗಿದ ಸೀಬೆ ಎಲೆ.
ಸುಣ್ಣ ಬಳಿಯುವಾಗ ಬೆಳಕು ಹರಿಯಿತು.
ಮಾಲೀಕರು ಕಲ್ಲೇಗೌಡರು ಬಂದು ಸೊಂಟದ ಮೇಲೆ ಕೈಯಿಟ್ಟರು:
ಯಾರಯ್ಯ ಹೇಳಿದ್ದು? ಅಂಗಡಿ ಬೋರ್ಡೇ ಮುಚ್ಚೋಯ್ತಲ್ಲ.
ಈ ರೂಲ್ಸು ನಮ್ಮೂರಲ್ಲಿ ಎಲ್ಲಿದೆ?
ಹಾಸನದ್ದು ಮಿಕ್ಕಿತ್ತು ಗೌಡ್ರೇ, ಅಂದೆ.
ತಗಡಿನ ಬಾಡಿಗೆ ನನ್ನ ಲೆಕ್ಕಕ್ಕೆ ಬರೆದುಕೊಂಡರು.

ನಾಲ್ಕೂವರೆಗೆ ನೀಲಿ ರಿಬ್ಬನ್ ಬಂತು.
ರಸ್ತೆಯ ಆಚೆ ಬದಿಯಲ್ಲಿ.
ಬಾಟಲಿ ಎದೆಗವಚಿ, ಮೇಲೆ ನೋಡುತ್ತ.
ಕೈ ಬೀಸಲೋ ಬೇಡವೋ ಅಂತ ನಿಂತವನು
ಸುತ್ತಿಗೆಯನ್ನು ಸೊಂಟಕ್ಕೆ ಕಟ್ಟಿಕೊಂಡ ಹಗ್ಗ
ಒಮ್ಮೆ ಮುಟ್ಟಿ ನೋಡಿಕೊಂಡೆ.